ಹೆಸರಿಲ್ಲದವರ ಸಭೆ

ಮುಂಬಯಿಯಲ್ಲಿ ಕನ್ನಡಿಗನಿಗೆ ಬೇಕಾದುದೆಲ್ಲ ಬಾಯಿಮಾತಿನಲ್ಲೇ ಸಿಗುತ್ತದೆ. ಬಾಡಿಗೆಯ ಕೋಣೆ, ಹೋಟೆಲಿನಲ್ಲಿ ಕೆಲಸ, ಮಗಳಿಗೆ ವರ, ಯಕ್ಷಗಾನದ ಟಿಕೆಟು, ಯಾವುದಕ್ಕೂ ಜಾಹೀರಾತು ಬೇಡ. ಊರಿನವರೊಬ್ಬರ ಕಿವಿಗೆ ಹಾಕಿದರೆ ವಾರದೊಳಗೆ ಉತ್ತರ ಬರುತ್ತದೆ. ಕುಡಿತದಿಂದ ಬಿಡುಗಡೆ ಬಯಸುವವನು ಮಾತ್ರ ಈ ದಾರಿ ಹಿಡಿಯಲಾರ. ಕೇಳಿದ ಮರುದಿನವೇ ಆ ಮಾತು ಉಡುಪಿಯ ಮನೆಯಂಗಳಕ್ಕೆ ತಲುಪಿರುತ್ತದೆ.

ನನ್ನ ಭಾವ, ಅಂದರೆ ಅಕ್ಕನ ಗಂಡ, ಮೂವತ್ತು ವರ್ಷ ಇಲ್ಲಿನ ಹೋಟೆಲುಗಳಲ್ಲಿ ದುಡಿದವರು. ಲೋಟ ತೊಳೆಯುವಲ್ಲಿಂದ ಗಲ್ಲಾದವರೆಗೆ ಏರಿದವರು. ರಾತ್ರಿ ಬಾಗಿಲು ಹಾಕಿದ ಮೇಲೆ ದಣಿವಾರಿಸಲೆಂದು ಆರಂಭವಾದ ಕುಡಿತ, ಐವತ್ತರ ಹೊತ್ತಿಗೆ ಬೆಳಗಿನ ಕೈನಡುಕ ನಿಲ್ಲಿಸುವ ಔಷಧಿಯಾಗಿತ್ತು. ಒಂದು ದಿನ ತಾವಾಗಿಯೇ ಹೇಳಿದರು: "ಬಿಡಬೇಕು ಅಂತ ಉಂಟು ಮಾರಾಯ. ಆದರೆ ನಮ್ಮೂರಿನವರ ಎದುರು ಹೋಗಿ ಕೂತುಕೊಳ್ಳುವುದಕ್ಕೆ ನನ್ನಿಂದಾಗದು."

ಮೊದಲು ಹೋದದ್ದು ವೈದ್ಯರ ಬಳಿಗೆ. ವರ್ಷಗಟ್ಟಲೆ ದಿನವೂ ಕುಡಿದ ದೇಹಕ್ಕೆ ಮದ್ಯವನ್ನು ಥಟ್ಟನೆ ತಪ್ಪಿಸಿದರೆ ಸೆಳವು ಬರಬಹುದು, ಎರಡು ಮೂರು ದಿನಗಳಲ್ಲಿ ಸನ್ನಿ ಹಿಡಿಯಬಹುದು, ಪ್ರಾಣಕ್ಕೇ ಅಪಾಯವಾಗಬಹುದು. ಕೋಣೆಯಲ್ಲಿ ಕೂಡಿಹಾಕಿ ಬಿಡಿಸುವ, ದೇವರ ಮುಂದೆ ಆಣೆ ಹಾಕಿಸಿ ಅಂದೇ ನಿಲ್ಲಿಸುವ ನಮ್ಮ ರೂಢಿಗಳು ಈ ಅಪಾಯವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಭಾವ ಹತ್ತು ದಿನ ಆಸ್ಪತ್ರೆಯಲ್ಲಿದ್ದು ಹೊರಬಂದರು. ಚೀಟಿಯಲ್ಲಿ ಮಾತ್ರೆಗಳ ಹೆಸರಿನ ಕೆಳಗೆ ವೈದ್ಯರು ಇನ್ನೊಂದು ಸಾಲು ಬರೆದಿದ್ದರು: 'ಎ.ಎ. ಸಭೆ'.

ಆಲ್ಕೊಹಾಲಿಕ್ಸ್ ಅನಾನಿಮಸ್ ಹುಟ್ಟಿದ್ದು 1935ರಲ್ಲಿ, ಅಮೆರಿಕದ ಆಕ್ರನ್ ನಗರದಲ್ಲಿ. ಷೇರುಪೇಟೆಯ ಬಿಲ್ ವಿಲ್ಸನ್, ಶಸ್ತ್ರವೈದ್ಯ ಬಾಬ್ ಸ್ಮಿತ್ ಇಬ್ಬರೂ ಕುಡಿತದಿಂದ ನೆಲಕಚ್ಚಿದವರು. ಒಬ್ಬ ಕುಡುಕ ಇನ್ನೊಬ್ಬನಿಗೆ ನೆರವಾಗಲು ಹೊರಟಾಗ ತಾನೂ ಕುಡಿಯದೆ ಉಳಿಯುತ್ತಾನೆ ಎಂಬುದೇ ಅವರು ಕಂಡುಕೊಂಡ ಸತ್ಯ. ಸದಸ್ಯತ್ವಕ್ಕೆ ಬೇಕಾದುದು ಕುಡಿತ ನಿಲ್ಲಿಸುವ ಬಯಕೆಯೊಂದೇ. ಶುಲ್ಕವಿಲ್ಲ, ಹೊರಗಿನವರ ದೇಣಿಗೆಯನ್ನು ಮುಟ್ಟುವುದಿಲ್ಲ. ಇಂಥ ಸಭೆಗಳು ನಿಜಕ್ಕೂ ಫಲ ಕೊಡುತ್ತವೆಯೇ ಎಂಬ ಸಂಶಯ ನನಗಿತ್ತು. 2020ರಲ್ಲಿ ಪ್ರಕಟವಾದ ಕಾಕ್ರೇನ್ ಸಮೀಕ್ಷೆ ಅಲ್ಲಿಯವರೆಗಿನ ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿ, ಸಂಪೂರ್ಣವಾಗಿ ಮದ್ಯ ತೊರೆದು ಉಳಿಯುವುದರಲ್ಲಿ ಈ ಮಾರ್ಗ ಇತರ ಚಿಕಿತ್ಸೆಗಳಿಗಿಂತ ಹಿಂದಿಲ್ಲ, ಹಲವೆಡೆ ಮುಂದಿದೆ ಎಂದು ಹೇಳಿದೆ.

ಫೋನಿನಲ್ಲಿ ವಿಚಾರಿಸಿದಾಗ ಸಭೆಗಳ ಪಟ್ಟಿ ಸಿಕ್ಕಿತು: ಸ್ಥಳ, ವಾರ, ವೇಳೆ, ಭಾಷೆ. ಕೆಲವು ಸಭೆಗಳು ಕುಡಿತ ಬಿಡಬಯಸುವವರಿಗೆ ಮಾತ್ರ. ಕೆಲವು ಮುಕ್ತ ಸಭೆಗಳು, ಅಲ್ಲಿಗೆ ಮನೆಯವರೂ ಹೋಗಬಹುದು. ನಮಗೆ ದೊರೆತ ಪಟ್ಟಿಯಲ್ಲಿ ಹಿಂದಿ, ಮರಾಠಿ, ಇಂಗ್ಲಿಷ್ ಇದ್ದವು, ಕನ್ನಡವಿರಲಿಲ್ಲ. ಭಾವನ ಮುಖದಲ್ಲಿ ನಿರಾಳ ಕಂಡೆ. ನನಗೆ ಮಾತ್ರ ಕಳವಳ. ಅವರ ಹಿಂದಿ ಹೋಟೆಲಿನ ಹಿಂದಿ. ಲೆಕ್ಕ ಕೇಳಲು, ಹುಡುಗರನ್ನು ಗದರಲು ಸಾಕಾಗುವಂಥದ್ದು. ಅದರಲ್ಲಿ ಮನಸ್ಸು ತೆರೆಯುವುದು ಹೇಗೆ?

ಮೊದಲ ಎರಡು ಕಡೆ ಅವರಿಗೆ ಹೊಂದಲಿಲ್ಲ. ಮೂರನೆಯದು ಲೋಕಲ್ ಹತ್ತಿ ಆರು ನಿಲ್ದಾಣ ದಾಟಿ ಹೋಗಬೇಕಾದ ಹಿಂದಿ ಸಭೆ. ಶಾಲೆಯ ತರಗತಿ, ಮಕ್ಕಳ ಬೆಂಚು, ಚಹಾ, ಕೊನೆಯಲ್ಲಿ ಕೈಯಿಂದ ಕೈಗೆ ಸಾಗುವ ಕಾಣಿಕೆಯ ಚೀಲ. ರಿಕ್ಷಾ ಓಡಿಸುವವರ ಪಕ್ಕದಲ್ಲಿ ನಿವೃತ್ತ ಅಧಿಕಾರಿ. ಒಬ್ಬರು ಮಾತಾಡುವಾಗ ಇನ್ನೊಬ್ಬರು ನಡುವೆ ಬಾಯಿ ಹಾಕುವುದಿಲ್ಲ, ಉಪದೇಶ ಮಾಡುವುದಿಲ್ಲ. ಮುಕ್ತ ಸಭೆಯಾದ್ದರಿಂದ ನಾನೂ ಹಿಂದಿನ ಬೆಂಚಿನಲ್ಲಿದ್ದೆ. ಎರಡು ವಾರ ಭಾವ ಬರಿದೆ ಹೆಸರು ಹೇಳಿ ಕುಳಿತರು. ಮೂರನೆಯ ವಾರ ಹಿಂದಿಯಲ್ಲೇ ಆರಂಭಿಸಿ, ತಾಯಿಯ ಕೊನೆಯ ದಿನಗಳಿಗೆ ಬಂದಾಗ ಅರಿವಿಲ್ಲದೆ ಕನ್ನಡಕ್ಕೆ ಹೊರಳಿದರು. ಯಾರಿಗೂ ಅರ್ಥವಾಗಲಿಲ್ಲ, ಯಾರೂ ತಡೆಯಲಿಲ್ಲ. ಐದಾರು ನಿಮಿಷ ಆ ಕೋಣೆ ನಮ್ಮೂರಿನ ಮಾತನ್ನು ಸುಮ್ಮನೆ ಕೇಳಿಸಿಕೊಂಡಿತು.

ಎಂಟನೆಯ ತಿಂಗಳಲ್ಲಿ ಅವರು ಒಮ್ಮೆ ಜಾರಿದರು. ಅಲ್ಲಿ ಯಾರೂ ಹೀಯಾಳಿಸಲಿಲ್ಲ. ಮತ್ತೆ ಒಂದರಿಂದ ದಿನ ಎಣಿಸಿದರು. ಆ ಎಣಿಕೆಗೆ ಈಗ ಎರಡು ವರ್ಷ ದಾಟಿದೆ. ಅಕ್ಕ ಕುಟುಂಬದವರಿಗಾಗಿಯೇ ಇರುವ ಅಲ್-ಅನಾನ್ ಸಭೆಗೆ ಹೋಗುತ್ತಾಳೆ. ಗಂಡನ ಜೇಬು ತಡಕುವ ಅಭ್ಯಾಸ ಬಿಡಲು ತನಗೆ ಒಂದು ವರ್ಷ ಹಿಡಿಯಿತು ಎನ್ನುತ್ತಾಳೆ.

ಓದುವವರ ಮನೆಯಲ್ಲೂ ಇಂಥ ಚಿಂತೆಯಿದ್ದರೆ, ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಕರೆ ಮಾಡಬಹುದು, ಕರೆಗೆ ಹಣವಿಲ್ಲ. ಮೊದಲ ಸಭೆ ಒಗ್ಗದಿದ್ದರೆ ಎರಡನೆಯದು, ಮೂರನೆಯದು ನೋಡಬೇಕು. ಊರಿನವರ ಕಣ್ಣಿಗೆ ಅಂಜುವವರು ದೂರದ ಉಪನಗರದ ಸಭೆ ಆರಿಸಿಕೊಳ್ಳುವುದರಲ್ಲಿ ತಪ್ಪಿಲ್ಲ.

ಇತ್ತೀಚೆಗೆ ಭಾವನ ಮಾತು ಬದಲಾಗಿದೆ. "ಕನ್ನಡದ್ದು ಒಂದು ಬೇಕಿತ್ತು ಮಾರಾಯ. ನನ್ನಂತೆ ನಾಚಿ ಮನೆಯೊಳಗೇ ಕೂತವರು ಎಷ್ಟು ಜನ ಇದ್ದಾರೋ!" ತಾಳಮದ್ದಳೆಗೆ, ಭಜನೆಗೆ ಕೋಣೆ ಕೊಡುವ ನಮ್ಮ ಸಂಘಗಳು ವಾರಕ್ಕೊಂದು ಗಂಟೆ ಇದಕ್ಕೂ ಕೊಡಬಾರದೇ? ಬಾಡಿಗೆಯನ್ನು ಅವರೇ ತೆರುತ್ತಾರೆ. ಯಾರು ಬಂದರು, ಯಾರು ಹೋದರು ಎಂದು ನಾವು ಇಣುಕದಿದ್ದರೆ ಸಾಕು. ಅಲ್ಲಿನ ಸಂಪ್ರದಾಯದಂತೆ ಒಂದು ಗುಂಪು ಆರಂಭವಾಗಲು ಇಬ್ಬರು ಮೂವರು ಸೇರಿದರೆ ಆಯಿತು. ಒಬ್ಬರು ಸಿದ್ಧರಿದ್ದಾರೆ.