ಲೋಹದ ಮೊಣಕಾಲು

ನಮ್ಮ ಬಲಮೊಣಕಾಲಿನ ಕೀಲನ್ನು ಬದಲಿಸಿ 9 ವರ್ಷಗಳಾದುವು. ಇಂದಿನ ಇಂತಹ ಕೀಲುಗಳಿಗೆ ಮಾದರಿಯಾದುದೊಂದನ್ನು 1974ರಲ್ಲಿ ನ್ಯೂಯಾರ್ಕಿನ ಇನ್ಸಾಲ್ ಮೊದಲಾದ ವೈದ್ಯರು ಬಳಕೆಗೆ ತಂದರು. ಸವೆದ ಮೂಳೆಯ ಹಳೆಯ ನೋವು ತೊಲಗಿತೆಂಬುದು ಸತ್ಯವೇ ಸರಿ. ಆದರೆ ಬೇರೊಂದು ನೋವು ನೆಲೆನಿಂತಿತು. ಕೀಲು ಸಡಿಲಿಲ್ಲ, ಸೋಂಕಿಲ್ಲವೆಂದು ಪರೀಕ್ಷೆಗಳು ತಿಳಿಸಿದುವು. ಸುಮಾರು ಐವರಲ್ಲಿ ಒಬ್ಬರಿಗೆ ಹೀಗೆ ನೋವುಳಿಯುವುದುಂಟಂತೆ. ಮುಂಚಿತವಾಗಿ ಇದನ್ನು ಹೇಳುವವರು ವಿರಳ. “ಅಷ್ಟು ಹಣ ಸುರಿದೂ ಕುಂಟುವಿರೇ?” ಎಂದು ಬಂಧುಗಳು ಕೇಳಿದಾಗ ಕಾಲಿಗಿಂತಲೂ ಮನಸ್ಸು ಹೆಚ್ಚು ನೊಂದಿತು.

ಗಾಯದ ಹೊರಮಗ್ಗುಲಿನ ಚರ್ಮಕ್ಕೆ ಇಂದಿಗೂ ಸ್ಪರ್ಶಜ್ಞಾನವಿಲ್ಲ. ಕೊಯ್ಯುವಾಗ ಅಲ್ಲಿಯ ಸಣ್ಣ ನರವು ತುಂಡಾಗುವುದೇ ಇದಕ್ಕೆ ಕಾರಣ. ಮೊಣಕಾಲೂರಲು ಆಗದು. ಮೊಮ್ಮಗಳೊಡನೆ ಚೌಕಾಬಾರದ ಆಟವೂ ನೆಲವನ್ನು ಬಿಟ್ಟು ಮಂಚವನ್ನೇರಿದೆ. ಅವಳಿಗೇನೋ ಅದೇ ಸೊಗಸು! ಮುಂಜಾನೆ ತೊಡೆಯ ಸ್ನಾಯುಗಳನ್ನು ಬಿಗಿದು ಸಡಿಲಿಸುವ ಅಭ್ಯಾಸವನ್ನು ನಾವು ತಪ್ಪಿಸೆವು. ಮೆಟ್ಟಲು ಹತ್ತುವಾಗ ಎಡಗಾಲು ಮೊದಲು, ಇಳಿಯುವಾಗ ಬಲಗಾಲು ಮೊದಲು. ಊರುಗೋಲು ಎಡಗೈಯಲ್ಲಿರತಕ್ಕದ್ದು, ಬಲಗೈಯಲ್ಲಿ ಹಿಡಿಯಿರೆಂದು ದಾರಿಹೋಕರು ಉಪದೇಶಿಸುವುದುಂಟು, ನಾವು ಕೇಳುವುದಿಲ್ಲ.

ಒಂದು ಮಾತ್ರ ಅಂಜಿಕೆಯುಂಟು. ವರ್ಷಗಳೆಷ್ಟೇ ಕಳೆದಿದ್ದರೂ ದೇಹದ ಬೇರೆಡೆಯ ಸೋಂಕು ರಕ್ತದ ಮೂಲಕ ಈ ಕೀಲನ್ನು ಸೇರಬಹುದು. ಮೊಣಕಾಲು ಕೆಂಪೇರಿ, ಬಿಸಿಯಾಗಿ, ಊದಿಕೊಂಡರೆ ತೈಲ ತೀಡುತ್ತ ಕೂರದೆ ಅಂದೇ ವೈದ್ಯರಲ್ಲಿಗೆ ಹೋಗತಕ್ಕದ್ದು.