ಹಲ್ಲಿಗಿಂತ ಮೊದಲು ತುಟಿ

ಔರಾದಿನ ಶಾಲೆಯಲ್ಲಿ ಫೋಟೋ ತೆಗೆಯುವ ದಿನ ಮಗಳು ಬಾಯಿಗೆ ಕೈ ಅಡ್ಡ ಹಿಡಿದು ನಿಂತಿದ್ದಳು. ಅವಳದು ಉಬ್ಬುಹಲ್ಲು. ಬೀದರಿಗೆ ಕರೆದೊಯ್ದು ತಂತಿ ಹಾಕಿಸುವುದೆಂದು ಅಂದೇ ನಿಶ್ಚಯಿಸಿದೆ. ಜೊತೆಗೆ ಮನಸ್ಸಿನಲ್ಲೇ ಒಂದು ಶರತ್ತು: ಹಲ್ಲು ಕೀಳಿಸುವುದಿಲ್ಲ.

ಕಾರಣ, ಭಾಲ್ಕಿಯಲ್ಲಿರುವ ನನ್ನ ಅಕ್ಕ. ಚಿಕ್ಕವಳಿದ್ದಾಗ ಅವಳಿಗೆ ನಾಲ್ಕು ಹಲ್ಲು ಕಿತ್ತು ತಂತಿ ಹಾಕಿದ್ದರು. ಹಲ್ಲೇನೋ ಸಾಲಾಗಿ ಕೂತವು. ಆದರೆ ಬರಬರುತ್ತ ತುಟಿ ಒಳಗೆ ಸರಿದು ಮೂಗು, ಗದ್ದ ಎರಡೇ ಎದ್ದು ಕಾಣತೊಡಗಿದವು. ಮೂವತ್ತಕ್ಕೇ ಮುದುಕಿಯಾದೆ ಎಂದು ಅವಳೇ ನಗುತ್ತಾಳೆ. ಆ ನಗು ನನಗೆ ಹಿಡಿಸುವುದಿಲ್ಲ.

ಬೀದರಿನ ವೈದ್ಯೆ ಮೊದಲಿಗೆ ಬಾಯಿ ತೆರೆಸಲೇ ಇಲ್ಲ. ಮಗಳನ್ನು ಸುಮ್ಮನೆ ಕೂಡಿಸಿ ಪಕ್ಕದಿಂದ ನೋಡಿದರು. ಒಂದು ಗುಟುಕು ನೀರು ನುಂಗಿಸಿದರು. ‘ತುಟಿ ಕೂಡಿಸವ್ವಾ’ ಎಂದರು. ಕೂಡಿಸಲು ಹೋದರೆ ಗದ್ದದ ಚರ್ಮ ಕಿತ್ತಳೆ ಸಿಪ್ಪೆಯ ಹಾಗೆ ಗುಳಿಬಿತ್ತು. ಇಷ್ಟು ದಿನ ಜೊತೆಗಿದ್ದ ನಾನು ಅದನ್ನು ಗಮನಿಸಿರಲೇ ಇಲ್ಲ!

ಆಮೇಲೆ ಮುಖದ ಪಕ್ಕದ ಎಕ್ಸ್‌ರೇ. 1931ರಿಂದ ಬಳಕೆಗೆ ಬಂದ ವಿಧಾನವಂತೆ. ಅದರ ಮೇಲೆ ಮೂಗಿನ ತುದಿಯಿಂದ ಗದ್ದಕ್ಕೆ ಪೆನ್ಸಿಲಿನಿಂದ ಗೆರೆ ಎಳೆದರು. ಅಮೆರಿಕದ ರಿಕೆಟ್ಸ್ ಎಂಬ ವೈದ್ಯರು ಹೇಳಿಕೊಟ್ಟ ಗೆರೆ ಅದು. ತುಟಿಗಳು ಅದಕ್ಕಿಂತ ತುಸು ಹಿಂದಿರಬೇಕು. ‘ಅದು ಬಿಳಿಯರ ಮುಖದ ಲೆಕ್ಕರಿ, ನಮ್ಮ ತುಟಿ ಸ್ವಲ್ಪ ತುಂಬಿಕೊಂಡಿರ್ತಾವ’ ಎಂದು ನಕ್ಕರು. ಆ ರಿಯಾಯಿತಿ ಕೊಟ್ಟರೂ ಮಗಳ ತುಟಿ ಗೆರೆ ದಾಟಿ ಬಹಳ ಮುಂದಿತ್ತು. ನಾಲ್ಕು ಹಲ್ಲು ತೆಗೆಯಬೇಕೆಂದರು.

ನಾನು ಅಕ್ಕನ ಕಥೆ ಹೇಳಿದೆ. ಅವರು ಬೇಸರಪಡಲಿಲ್ಲ. ಈ ಜಗಳ ಹಳೆಯದಂತೆ: ಹಲ್ಲು ಕೀಳಲೇಬಾರದೆಂದು ಎಡ್ವರ್ಡ್ ಆಂಗಲ್ ಪಟ್ಟು ಹಿಡಿದಿದ್ದರೆ, ಅವರ ಶಿಷ್ಯ ಟ್ವೀಡ್ 1940ರ ಸುಮಾರಿಗೆ, ಕೀಳದೆ ಸರಿಪಡಿಸಿದ್ದ ರೋಗಿಗಳಿಗೇ ಹಲ್ಲು ತೆಗೆದು ಮತ್ತೆ ಚಿಕಿತ್ಸೆ ಕೊಟ್ಟು ತೋರಿಸಿದರು. ಹಲ್ಲು ಹಿಂದೆ ಸರಿದಷ್ಟೇ ತುಟಿಯೂ ಸರಿಯುತ್ತದೆ ಎಂದಿಲ್ಲ. ತೆಳು ತುಟಿ ಹೆಚ್ಚು ಸರಿಯುತ್ತದೆ, ದಪ್ಪ ತುಟಿ ಕಡಿಮೆ. ಹರೆಯದಲ್ಲಿ ಮೂಗು, ಗದ್ದ ಇನ್ನೂ ಬೆಳೆಯುತ್ತವೆ. ವಯಸ್ಸಾದಂತೆ ತುಟಿ ತೆಳುವಾಗುತ್ತದೆ. ಅಕ್ಕನದು ಮೊದಲೇ ತೆಳು ತುಟಿ, ನೀಳ ಮೂಗು. ಮಗಳದು ತೀರಾ ಬೇರೆ ಮುಖ.

ಇನ್ನೊಂದು ವಿಷಯ. ನುಂಗುವಾಗಲೆಲ್ಲ ಮಗಳು ನಾಲಗೆಯಿಂದ ಮುಂದಿನ ಹಲ್ಲನ್ನು ನೂಕುತ್ತಾಳೆ. ಆ ರೂಢಿ ಬಿಡದಿದ್ದರೆ ತಂತಿ ತೆಗೆದ ಮೇಲೆ ಹಲ್ಲು ಮತ್ತೆ ಮುಂದೆ ಬರಬಹುದಂತೆ. ನಾಲಗೆಯ ತುದಿಯನ್ನು ಅಂಗಳಕ್ಕೆ ಹಚ್ಚಿ ನುಂಗುವ ಅಭ್ಯಾಸ ಹೇಳಿಕೊಟ್ಟರು.

ಎರಡು ರಾತ್ರಿ ನಿದ್ದೆ ಬರಲಿಲ್ಲ. ಕೊನೆಗೆ ಭಾಲ್ಕಿಗೆ ಫೋನು ಮಾಡಿದೆ.

‘ನನ್ನ ಮಾರಿ ನೋಡಿ ಆಕಿ ಹಲ್ಲಿನ ತೀರ್ಪು ಮಾಡಬ್ಯಾಡ ತಮ್ಮಾ’ ಎಂದಳು ಅಕ್ಕ.

ಮೊನ್ನೆ ಎರಡು ಹಲ್ಲು ತೆಗೆದರು. ಅಕ್ಕನೂ ಬೀದರಿಗೆ ಬಂದು ಹೊರಗಿನ ಬೆಂಚಿನ ಮೇಲೆ ಕೂತಿದ್ದಳು. ಉಳಿದ ಎರಡಕ್ಕೆ ಮುಂದಿನ ಸೋಮವಾರ ಹೋಗಬೇಕು.