ಅಟ್ಟದಿಂದ ಇಳಿದ ಆಟ

ಬೇಸಿಗೆ ರಜೆಗೆಂದು ಮೊಮ್ಮಗ ಶಿವಮೊಗ್ಗಕ್ಕೆ ಬಂದಿದ್ದ. ಒಂದು ದಿನ ಅವನನ್ನು ಭದ್ರಾವತಿಯ ನಮ್ಮ ಹಳೇ ಮನೆಗೆ ಕರೆದೊಯ್ದೆ. ಅಟ್ಟದ ಮೇಲೆ ಅವನಪ್ಪನ ಕಂಪ್ಯೂಟರ್ ಸಿಕ್ಕಿತು. ಅದರಲ್ಲಿ 1998ರ ‘ಬಾಲ್ಡರ್ಸ್ ಗೇಟ್’ ಆಟವಿತ್ತು. ಅಂಗಡಿಯವರು ಅದನ್ನು ನನ್ನ ಲ್ಯಾಪ್‌ಟಾಪಿಗೆ ನಕಲು ಮಾಡಿಕೊಟ್ಟರು.

ನನ್ನದು ಲಿನಕ್ಸ್. ವಿಂಡೋಸ್‌ಗೆಂದು ಬರೆದ ಆಟ ಅದಕ್ಕೆ ಅರ್ಥವಾಗದು. ‘ವೈನ್’ ಎಂಬ ಉಚಿತ ತಂತ್ರಾಂಶ ನಡುವೆ ದುಭಾಷಿಯಂತೆ ಕೂತು, ಆಟ ಕೇಳಿದ್ದನ್ನು ಲಿನಕ್ಸಿಗೆ ತಿಳಿಸಿ ಹೇಳುತ್ತದೆ. ಆದರೂ ಆಟ ‘ಸಿ.ಡಿ. ಹಾಕಿ’ ಎಂದು ಹಟ ಹಿಡಿಯಿತು. ‘ಬಾಲ್ಡರ್ ಡಾಟ್ ಐಎನ್ಐ’ ಎಂಬ ಪುಟ್ಟ ಕಡತ ತೆರೆದೆ. ಯಾವ ಫೋಲ್ಡರ್ ಎಲ್ಲಿದೆ ಎಂಬ ಪಟ್ಟಿ ಅದು. ಎಲ್ಲವೂ ಹಳೇ ವಿಳಾಸ! ಬ್ಯಾಂಕಿನಲ್ಲಿ ಲೆಡ್ಜರ್ ತಾಳೆ ನೋಡಿದ ಕಣ್ಣು. ಸಾಲು ಸಾಲಾಗಿ ತಿದ್ದಿದೆ. ಆಟ ತೆರೆಯಿತು.

ಕಬ್ಬಿಣವೆಲ್ಲ ಪುಡಿಪುಡಿಯಾಗುವ ನಾಡಿನ ಕಥೆ ಅದು. ಕತ್ತಿ ಹಿಡಿದರೆ ಕೈಯಲ್ಲೇ ಮುರಿಯುತ್ತದೆ. ಕಬ್ಬಿಣದ ಕಾರ್ಖಾನೆಯ ಊರಲ್ಲಿ ಬೆಳೆದ ಹುಡುಗನಿಗೆ ರುಚಿಸದಿರುತ್ತದೆಯೇ? ಮಗ ಉಳಿಸಿಟ್ಟ ಆಟ ನಶ್ಕೆಲ್ ಗಣಿಯ ಬಾಗಿಲಲ್ಲಿ ನಿಂತಿತ್ತು.

“ಅಜ್ಜ, ಅಪ್ಪ ಇಲ್ಲಿಗೇ ಯಾಕೆ ನಿಲ್ಲಿಸಿದ?”

“ನಿಲ್ಲಿಸಿದ್ದು ನಾನು, ಪುಟ್ಟ. ಪಿಯುಸಿ ಪರೀಕ್ಷೆ ಅಂತ ಕಂಪ್ಯೂಟರನ್ನೇ ಅಟ್ಟಕ್ಕೇರಿಸಿದ್ದೆ. ಪರೀಕ್ಷೆ ಮುಗಿದ ಮೇಲೆ ಇಳಿಸುವುದು ಮರೆತೆ.”

ರಾತ್ರಿ ಬೆಂಗಳೂರಿಗೆ ಫೋನ್ ಮಾಡಿ ಮಗನಿಗೂ ಅದನ್ನೇ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, “ಗಣಿಯೊಳಗೆ ಹೋದ್ರಾ ಅಪ್ಪ?” ಎಂದ.

“ಇಲ್ಲ ಕಣೋ. ನೀನು ಬರಲಿ ಅಂತ ಬಾಗಿಲಲ್ಲೇ ನಿಂತಿದೀವಿ.”

ಶನಿವಾರದ ರೈಲಿಗೆ ಬಂದ.